ಧ್ರುವದ ಮಣ್ಣಿನ ಅಣುಜೀವಿಯ ಕುಲನಿರ್ಣಯ

ಅಂಟಾರ್ಕ್ಟಿಕ ಖಂಡದ ಅಂಚಿನಲ್ಲಿ, ಸುಮಾರು 70 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಹಿಮದ ಹೊದಿಕೆಯಿಲ್ಲದೆ ಬಂಡೆಯೂ ಮಣ್ಣೂ ಸರೋವರಗಳೂ ಬಯಲಾಗಿರುವ ಷಿರ್ಮಾಖರ್ ಎಂಬ ಸಣ್ಣ ಪ್ರದೇಶವೊಂದುಂಟು. ನಮ್ಮ ದೇಶದ ಮೈತ್ರಿ ಸಂಶೋಧನಾ ಕೇಂದ್ರವಿರುವುದು ಅಲ್ಲಿಯೇ. ಮರವಾಗಲಿ ಪೊದೆಯಾಗಲಿ ಇಲ್ಲದ, ವರ್ಷದ ಬಹುಭಾಗ ಹೆಪ್ಪುಗಟ್ಟಿಯೇ ಇರುವ ಆ ಮಣ್ಣು ನೋಟಕ್ಕೆ ಬಂಜರಾದರೂ ನಿರ್ಜೀವವಲ್ಲ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಎಸ್. ಶಿವಾಜಿಯವರೂ ಅವರ ಸಹೋದ್ಯೋಗಿಗಳೂ 1992ರಲ್ಲಿ ಆ ಮಣ್ಣಿನ ಬ್ಯಾಕ್ಟೀರಿಯವೊಂದನ್ನು ಸ್ಫಿಂಗೋಬ್ಯಾಕ್ಟೀರಿಯಂ ಅಂಟಾರ್ಕ್ಟಿಕಂ ಎಂಬ ಹೊಸ ಪ್ರಭೇದವೆಂದು ವಿದ್ವತ್ಪ್ರಪಂಚದ ಮುಂದಿರಿಸಿದರು. ಸೂಕ್ಷ್ಮದರ್ಶಕದಲ್ಲಿ ಬರಿಯ ಕಡ್ಡಿಯಂತೆ ಕಾಣುವ ಜೀವಿಯೊಂದು ಹೊಸತೆಂದು ನಿರ್ಧರಿಸುವುದು ಹೇಗೆ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲ ಕೆಲಸ ಜೀವಿಯನ್ನು ಒಂಟಿಯಾಗಿಸುವುದು. ಚಿಟಿಕೆ ಮಣ್ಣನ್ನು ನಿಷ್ಕ್ರಿಮಿಗೊಳಿಸಿದ ಉಪ್ಪುನೀರಿನಲ್ಲಿ ಕದಡಿ, ಹತ್ತು ಪಟ್ಟಿನಂತೆ ಮೇಲಿಂದ ಮೇಲೆ ತೆಳುಮಾಡಿ, ಅತ್ಯಲ್ಪ ಪೋಷಕಾಂಶವುಳ್ಳ ಅಗರ್ ತಟ್ಟೆಯ ಮೇಲೆ ಹರಡಿ, ಶೀತಕೋಷ್ಠದಲ್ಲಿಟ್ಟು ಕಾಯಬೇಕು. ನಮ್ಮ ಹವೆಗೆ ಒಗ್ಗಿದ ಬ್ಯಾಕ್ಟೀರಿಯ ಒಂದೇ ರಾತ್ರಿಯಲ್ಲಿ ತಟ್ಟೆಯನ್ನು ತುಂಬಬಲ್ಲುದು. ಧ್ರುವದ ಜೀವಿಗಾದರೋ ವಾರಗಳೇ ಬೇಕಾಗಬಹುದು. ಕಡೆಗೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಗುಂಪುಗಳು ಮೂಡಿದಾಗ, ಜ್ವಾಲೆಯಲ್ಲಿ ಕೆಂಪಾಗಿಸಿ ಆರಿಸಿದ ತಂತಿಯ ಕುಣಿಕೆಯಿಂದ ಒಂದನ್ನು ಮುಟ್ಟಿ, ಹೊಸ ತಟ್ಟೆಯ ಮೇಲೆ ಗೆರೆಯೆಳೆಯುವರು. ಗೆರೆ ಮುಂದುವರಿದಂತೆ ಕೋಶಗಳು ವಿರಳವಾಗುತ್ತ ಹೋಗಿ, ತುದಿಯಲ್ಲಿ ಒಂದೊಂದೇ ಉಳಿದು, ಆ ಒಂದೊಂದರಿಂದ ಒಂದೊಂದು ಶುದ್ಧ ಸಂತತಿ ಬೆಳೆಯುವುದು. ಈ ಶುದ್ಧೀಕರಣದಲ್ಲಿ ಆತುರಪಟ್ಟವನ ಮುಂದಿನ ಪರೀಕ್ಷೆಗಳೆಲ್ಲವೂ ನಿರರ್ಥಕ.

ಬಳಿಕ ವಂಶಪರೀಕ್ಷೆ. ಸಕಲ ಬ್ಯಾಕ್ಟೀರಿಯಗಳಲ್ಲಿಯೂ ಪ್ರೋಟೀನನ್ನು ಕಟ್ಟುವ ರೈಬೋಸೋಮಿಗೆ ಸೇರಿದ 16ಎಸ್ ಎಂಬ ಆರ್‌ಎನ್‌ಎಯ ಜೀನು ಇದೆ. ಅದರ ಉದ್ದ ಸುಮಾರು 1,500 ಅಕ್ಷರಗಳು. ಬದುಕಿಗೆ ಅನಿವಾರ್ಯವಾದ ಕಾರ್ಯವನ್ನು ಹೊತ್ತಿರುವುದರಿಂದ ಅದು ಅತಿ ನಿಧಾನವಾಗಿ ಮಾರ್ಪಡುವುದು. ಆದಕಾರಣವೇ ದೂರದ ಬಂಧುತ್ವವನ್ನೂ ಅದರಿಂದ ಓದಬಹುದು. ರೈಬೋಸೋಮಿನ ಇಂತಹ ಆರ್‌ಎನ್‌ಎಯನ್ನು ಹೋಲಿಸಿಯೇ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಆರ್ಕಿಯ ಎಂಬ ಜೀವಶಾಖೆಯನ್ನು ಬೇರ್ಪಡಿಸಿದ್ದು. ಪರಿಚಿತ ಪ್ರಭೇದಗಳೆಲ್ಲದರೊಡನೆ ಹೋಲಿಕೆ ಸುಮಾರು 98.7 ಶೇಕಡಕ್ಕಿಂತ ಕಡಮೆಯಾದರೆ ಜೀವಿ ಹೊಸತೆಂಬ ಅನುಮಾನ ಬಲಿಯುವುದು. ಆದರೆ ಈ ಒಂದು ಜೀನಿನ ಸಾಕ್ಷ್ಯ ಸಾಲದು. ಏತಕ್ಕೆಂದರೆ ನಿಕಟ ಪ್ರಭೇದಗಳಲ್ಲಿ ಅದು ಬಹುತೇಕ ಒಂದೇ ಆಗಿರುವುದೂ ಉಂಟು. ಆಗ ಇಡಿಯ ಜೀನೋಮುಗಳನ್ನೇ ಎದುರುಬದುರಿಟ್ಟು ನೋಡಬೇಕು. ಸರಾಸರಿ ಹೋಲಿಕೆ 95–96 ಶೇಕಡ ತಲುಪದಿದ್ದರೆ ಅವು ಬೇರೆ ಬೇರೆ ಪ್ರಭೇದಗಳೆಂದು ಇಂದಿನ ಸಮ್ಮತ ಅಭಿಪ್ರಾಯ.

ರಸಾಯನದ ಸಾಕ್ಷ್ಯವೂ ಬೇಕು. ಚಳಿಗೆ ತುಪ್ಪ ಹೆಪ್ಪುಗಟ್ಟಿದಾಗಲೂ ಎಳ್ಳೆಣ್ಣೆ ಹರಿಯುತ್ತಿರುವುದಷ್ಟೆ. ಶೀತಜೀವಿಗಳೂ ತಮ್ಮ ಕೋಶಪೊರೆಯಲ್ಲಿ ಅಂತಹ ಎಣ್ಣೆಯಲ್ಲಿರುವಂತೆ ಅಪರ್ಯಾಪ್ತ ಮೇದಾಮ್ಲಗಳನ್ನು ಹೆಚ್ಚಿಸಿಕೊಂಡು ಪೊರೆ ಗಡುಸಾಗದಂತೆ ಕಾಪಾಡಿಕೊಳ್ಳುವುವು. ಮೇದಾಮ್ಲಗಳ ಪ್ರಮಾಣ ಒಂದೊಂದು ಕುಲಕ್ಕೆ ಒಂದೊಂದು ಬಗೆಯಾಗಿರುವುದರಿಂದ ವರ್ಗೀಕರಣಕ್ಕೆ ಅದು ಸಾಧನ. ಅದೇ ಪ್ರಮಾಣವು ತಾಪಕ್ಕನುಸಾರವಾಗಿ ಬದಲಾಗುವುದರಿಂದ, ಹೊಸ ಜೀವಿಯನ್ನೂ ಅದರ ಬಂಧುಗಳನ್ನೂ ಒಂದೇ ಮಾಧ್ಯಮದಲ್ಲಿ, ಒಂದೇ ತಾಪದಲ್ಲಿ, ಜೊತೆಜೊತೆಯಾಗಿ ಬೆಳೆಸಿಯೇ ಅಳೆಯಬೇಕು. ಹಳೆಯ ಪುಸ್ತಕದ ಅಂಕಿಗಳೊಡನೆ ಹೋಲಿಸಿ ತೀರ್ಪಿತ್ತರೆ ಚಳಿಯ ಪರಿಣಾಮವನ್ನೇ ಕುಲಲಕ್ಷಣವೆಂದು ಬಗೆದಂತಾದೀತು.

ಇಷ್ಟೆಲ್ಲ ಆದಮೇಲೆಯೂ ಹೆಸರು ಊರ್ಜಿತವಾಗಬೇಕಾದರೆ, ಆ ಜೀವಿಯ ಮಾದರಿ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಜೀವಂತವಾಗಿ ಒಪ್ಪಿಸಬೇಕೆಂಬುದು ಇಂದಿನ ನಿಯಮ. ನನ್ನ ದೃಷ್ಟಿಯಲ್ಲಿ ಈ ಶಾಸ್ತ್ರದ ಪ್ರಾಣವಿರುವುದು ಈ ನಿಯಮದಲ್ಲಿಯೇ. ಷಿರ್ಮಾಖರಿನ ಬ್ಯಾಕ್ಟೀರಿಯದ ಮುಂದಿನ ಕಥೆಯನ್ನು ನೋಡಿ. 2014ರಲ್ಲಿ ಸ್ಪೇನಿನ ಸಂಶೋಧಕರು ಅದರ ಮಾದರಿ ತಳಿಯನ್ನು ಮತ್ತೆ ಪರೀಕ್ಷಿಸಿ, ಅದು ಸ್ಫಿಂಗೋಬ್ಯಾಕ್ಟೀರಿಯಂ ಕುಲದ್ದಲ್ಲವೆಂದೂ ಪೆಡೋಬ್ಯಾಕ್ಟರ್ ಕುಲಕ್ಕೆ ಸೇರಿದುದೆಂದೂ ತೋರಿಸಿದರು. ಅಷ್ಟೇ ಅಲ್ಲ, ಮೀನಿನ ಹೆಸರು ಹೊತ್ತು ಬೇರೆಯೇ ಪ್ರಭೇದವೆನಿಸಿಕೊಂಡಿದ್ದ ಪೆಡೋಬ್ಯಾಕ್ಟರ್ ಪಿಸಿಯಂ ಎಂಬುದೂ ಇದೂ ಒಂದೇ ಎಂದು ಸಿದ್ಧವಾಯಿತು. ಪಿಸಿಯಂ ಎಂಬ ಹೆಸರು ಊರ್ಜಿತವಾದದ್ದು 1993ರಲ್ಲಿ. ಒಂದು ವರ್ಷ ಹಿರಿದಾದ ಅಂಟಾರ್ಕ್ಟಿಕದ ಹೆಸರಿಗೇ ಅಗ್ರಸ್ಥಾನ ಸಂದು, ಜೀವಿ ಪೆಡೋಬ್ಯಾಕ್ಟರ್ ಅಂಟಾರ್ಕ್ಟಿಕಸ್ ಎನಿಸಿತು. ಇದರಿಂದ ಮೊದಲಿಗರ ಶ್ರಮಕ್ಕೆ ಕುಂದು ಬಂದಿತೆಂದು ನಾನು ಭಾವಿಸುವುದಿಲ್ಲ. ಅವರು ಜೀವಿಯನ್ನು ಕಾಪಿಟ್ಟಿದ್ದರಿಂದಲೇ ಇಪ್ಪತ್ತೆರಡು ವರ್ಷಗಳ ಬಳಿಕ ಇನ್ನೊಬ್ಬರು ತಿದ್ದಲು ಸಾಧ್ಯವಾಯಿತು.

ಮಣ್ಣಿನ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಇಂದಿಗೂ ತಟ್ಟೆಯ ಮೇಲೆ ಬೆಳೆಯಲೊಲ್ಲವು. ಅಂತಹವುಗಳಿಗೆ ಜೀನೋಮಿನ ಆಧಾರದಿಂದಲೇ ಹೆಸರಿಡುವ ಸೀಕ್‌ಕೋಡ್ ಎಂಬ ಪದ್ಧತಿ 2022ರಲ್ಲಿ ರೂಪುಗೊಂಡಿದೆ. ಅದು ಅವಶ್ಯವಾದುದೇ; ಆದರೆ ಅಕ್ಷರಗಳ ಸಾಲು ಜೀವಿಯ ಸ್ಥಾನವನ್ನು ತುಂಬಲಾರದು. ಆ ಜೀವಿ ಯಾವ ತಾಪದಲ್ಲಿ ಬೆಳೆಯುವುದು, ಏನನ್ನು ಜೀರ್ಣಿಸುವುದು ಎಂಬುದನ್ನು ಜೀವಂತ ಕೋಶವೇ ಹೇಳಬೇಕು. ಚಂಡೀಗಢದಲ್ಲಿ 1986ರಿಂದ ಇಂತಹ ಸಂಗ್ರಹಾಲಯವೊಂದು ನಮ್ಮಲ್ಲಿಯೂ ನಡೆಯುತ್ತಿದೆ. ಜೀವವಿಜ್ಞಾನವನ್ನು ಅಭ್ಯಸಿಸುವ ನಮ್ಮ ತರುಣರು ಜೀನೋಮನ್ನು ಓದುವ ವಿದ್ಯೆಯೊಡನೆ ಅಗರಿನ ಮೇಲೆ ಗೆರೆಯೆಳೆದು ಕಾಯುವ ವಿದ್ಯೆಯನ್ನೂ ಕಲಿಯಲಿ. ಧ್ರುವದ ಮಣ್ಣು ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಆ ಕೆಲಸಕ್ಕೆ ಕೈಗಳು ಬೇಕಾಗಿವೆ.