ಮುಂಬಯಿ ಬಂದರಿನ ಚಿತ್ರ ಅಂಚೆಕಾರ್ಡುಗಳು: ಸಂಗ್ರಹ ಮತ್ತು ಕಾಲನಿರ್ಣಯ

ಚರಿತ್ರೆಯ ಆಕರಗಳೆಂದು ಶಾಸನ, ಕಡತ, ಹಸ್ತಪ್ರತಿಗಳಿಗೆ ದೊರೆತಿರುವ ಮನ್ನಣೆ ಚಿತ್ರ ಅಂಚೆಕಾರ್ಡುಗಳಿಗೆ ಇನ್ನೂ ದೊರೆತಿಲ್ಲ. ಅವು ಬಹುಮಟ್ಟಿಗೆ ಹವ್ಯಾಸಿಗಳ ಆಲ್ಬಮ್ಮುಗಳಲ್ಲಿಯೇ ಉಳಿದಿವೆ. ಒಂದು ನಗರದ ಮಾರ್ಪಾಟುಗಳನ್ನು ಅಲ್ಪ ವೆಚ್ಚದಲ್ಲಿ, ಅಪಾರ ಸಂಖ್ಯೆಯಲ್ಲಿ ದಾಖಲಿಸಿದ ಮಾಧ್ಯಮವಿದು. ಮುಂಬಯಿ ಬಂದರಿನ ಕಾರ್ಡುಗಳನ್ನು ನಿದರ್ಶನವಾಗಿಟ್ಟುಕೊಂಡು, ಅವನ್ನು ಆಕರವಾಗಿ ಓದುವ ಕ್ರಮವನ್ನು ಇಲ್ಲಿ ವಿವೇಚಿಸಲಾಗಿದೆ.

ಈ ಬಂದರು ಕನ್ನಡಿಗರಿಗೆ ಪರಸ್ಥಳವಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ ಪ್ರದೇಶಗಳು ಮುಂಬಯಿ ಪ್ರಾಂತದಲ್ಲಿದ್ದವು. 1862ರಲ್ಲಿ ಉತ್ತರ ಕನ್ನಡವೂ ಮದರಾಸು ಪ್ರಾಂತದಿಂದ ಅದಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಈ ಭಾಗಗಳ ರಾಜಧಾನಿ ಮುಂಬಯಿಯೇ. ಧಾರವಾಡ ಸೀಮೆಯ ಹತ್ತಿ ಕುಮಟಾದ ಮೂಲಕ ಸಮುದ್ರಮಾರ್ಗವಾಗಿ ಅಲ್ಲಿಗೆ ಸಾಗುತ್ತಿತ್ತು.

ಹಿನ್ನೆಲೆ

ಜಗತ್ತಿನ ಮೊದಲ ಅಂಚೆಕಾರ್ಡು ಆಸ್ಟ್ರಿಯಾ-ಹಂಗೇರಿಯಲ್ಲಿ 1869ರ ಅಕ್ಟೋಬರ್ 1ರಂದು ಹೊರಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆದು, ಮುಂಬಯಿ ಯೂರೋಪಿಗೆ ಸಮೀಪವಾಯಿತು. 1873ರಲ್ಲಿ ಪೋರ್ಟ್ ಟ್ರಸ್ಟ್ ಸ್ಥಾಪನೆಯಾಯಿತು. ಪ್ರಿನ್ಸಸ್ ಡಾಕ್ 1880ರಲ್ಲಿಯೂ ವಿಕ್ಟೋರಿಯಾ ಡಾಕ್ ಅದೇ ದಶಕದ ಕೊನೆಯಲ್ಲಿಯೂ ಅಲೆಗ್ಸಾಂಡ್ರಾ ಡಾಕ್ 1914ರಲ್ಲಿಯೂ ಸಿದ್ಧವಾದವು. ಭಾರತದ ಅಂಚೆ ಇಲಾಖೆ 1879ರ ಜುಲೈ 1ರಂದು ಕಾಲಾಣೆಯ ಕಾರ್ಡನ್ನು ಹೊರಡಿಸಿತಾದರೂ ಅದು ಚಿತ್ರವಿಲ್ಲದ ಸರ್ಕಾರಿ ಕಾರ್ಡು. ಚಿತ್ರ ಕಾರ್ಡುಗಳು ಖಾಸಗಿ ಪ್ರಕಾಶಕರ ಉದ್ಯಮ. ಮುಂಬಯಿಯ ಕ್ಲಿಫ್ಟನ್ ಅಂಡ್ ಕಂಪನಿ ಹಾಗೂ ಲಂಡನ್ನಿನ ರಫೇಲ್ ಟಕ್ ಅಂಡ್ ಸನ್ಸ್ ಈ ಪೈಕಿ ಹೆಸರಾದವು. ಚಿತ್ರಕಾರ ಎಂ. ವಿ. ಧುರಂಧರ್ (1867–1944) ನಗರದ ಜನಜೀವನವನ್ನು ಕಾರ್ಡುಗಳಿಗಾಗಿ ಚಿತ್ರಿಸಿದರು.

ಒಂದು ಕಾರ್ಡು, ಮೂರು ಕಾಲ

ಪ್ರತಿಯೊಂದು ಕಾರ್ಡಿಗೂ ಮೂರು ಕಾಲಗಳಿರುತ್ತವೆ: ಚಿತ್ರ ತೆಗೆದ ಕಾಲ, ಮುದ್ರಿಸಿದ ಕಾಲ, ಅಂಚೆಗೆ ಹಾಕಿದ ಕಾಲ. ಇವು ಒಂದೇ ಆಗಿರಬೇಕಾದ ನಿಯಮವಿಲ್ಲ. ಒಮ್ಮೆ ತೆಗೆದ ಛಾಯಾಚಿತ್ರವನ್ನು ಪ್ರಕಾಶಕರು ವರ್ಷಗಟ್ಟಲೆ ಮರುಮುದ್ರಿಸುತ್ತಿದ್ದರು; ಕೊಂಡವರೂ ಕೂಡಲೇ ಕಳುಹಿಸುತ್ತಿದ್ದರೆಂದು ಹೇಳಲಾಗದು.

ಚಿತ್ರದ ಕಾಲವನ್ನು ಕಟ್ಟಡಗಳು ಸೂಚಿಸುತ್ತವೆ. ಅಪೊಲೊ ಬಂದರಿನ ದೃಶ್ಯದಲ್ಲಿ ತಾಜ್ ಮಹಲ್ ಹೋಟೆಲಿನ ಗುಮ್ಮಟ ಕಂಡರೆ ಅದು ಸುಮಾರು 1903ರ ಈಚಿನದು; ಆ ಹೋಟೆಲು ತೆರೆದದ್ದು ಆ ವರ್ಷದ ಡಿಸೆಂಬರಿನಲ್ಲಿ. ಗೇಟ್‌ವೇ ಆಫ್ ಇಂಡಿಯಾದ ಶಂಕುಸ್ಥಾಪನೆ 1913ರಲ್ಲಿ ನಡೆದು, 1924ರ ಡಿಸೆಂಬರ್ 4ರಂದು ಅದರ ಉದ್ಘಾಟನೆಯಾಯಿತು. ಪೂರ್ಣ ಕಮಾನು ಕಾಣುವ ಚಿತ್ರ 1920ರ ದಶಕಕ್ಕಿಂತ ಹಳೆಯದಾಗಲಾರದು. ಬಂದರಿನತ್ತ ಸಾಗುವ ಬೀದಿಯಲ್ಲಿ ವಿದ್ಯುತ್ ಟ್ರಾಮ್ ಇದ್ದರೆ ಅದು 1907 ಅಥವಾ ಅದರ ನಂತರದ್ದು. ಅದಕ್ಕೂ ಮೊದಲು, 1874ರಿಂದ, ಓಡಿದ್ದು ಕುದುರೆ ಟ್ರಾಮ್.

ಮುದ್ರಣದ ಕಾಲಕ್ಕೆ ಹಿಂಬದಿಯೇ ಸಾಕ್ಷಿ. ಆರಂಭದಲ್ಲಿ ಹಿಂಬದಿ ಕೇವಲ ವಿಳಾಸಕ್ಕೆ ಮೀಸಲಾಗಿತ್ತು. ಸಂದೇಶವನ್ನು ಚಿತ್ರದ ಅಂಚಿನಲ್ಲಿ ಬರೆಯಬೇಕಿತ್ತು. ವಿಳಾಸ ಮತ್ತು ಸಂದೇಶಗಳ ನಡುವೆ ಗೆರೆ ಎಳೆದ ಕಾರ್ಡಿಗೆ ಬ್ರಿಟನ್ 1902ರಲ್ಲಿ, ಫ್ರಾನ್ಸ್ 1904ರಲ್ಲಿ, ಜರ್ಮನಿ 1905ರಲ್ಲಿ ಅನುಮತಿಯಿತ್ತವು. ಅಂದಿನ ಎಷ್ಟೋ ಭಾರತೀಯ ಕಾರ್ಡುಗಳು ಜರ್ಮನಿಯಲ್ಲಿ ಅಚ್ಚಾಗುತ್ತಿದ್ದು, 1914ರ ಮಹಾಯುದ್ಧದಿಂದ ಆ ಪೂರೈಕೆ ನಿಂತಿತು.

ರವಾನೆಯ ಕಾಲವನ್ನು ಅಂಚೆಮುದ್ರೆ ಹೇಳುತ್ತದೆ. ಮುದ್ರೆ ಅಳಿಸಿದ್ದರೆ ಅಂಚೆಚೀಟಿ ನೆರವಾದೀತು: ಏಳನೆಯ ಎಡ್ವರ್ಡ್ ದೊರೆಯ ಚೀಟಿಗಳು 1902ರಿಂದ, ಐದನೆಯ ಜಾರ್ಜ್ ದೊರೆಯವು 1911ರಿಂದ ಬಂದವು. ಇವುಗಳಿಂದ ಪೂರ್ವಮಿತಿ ಮಾತ್ರ ಸಿದ್ಧಿಸುತ್ತದೆ, ಉತ್ತರಮಿತಿಯಲ್ಲ.

ಈ ಭೇದವನ್ನು ಮರೆತರೆ ಆಗುವ ಪ್ರಮಾದ ಸಣ್ಣದಲ್ಲ. ಉದಾಹರಣೆಗೆ, ತಾಜ್ ಇದ್ದು ಗೇಟ್‌ವೇ ಇಲ್ಲದ ದೃಶ್ಯವುಳ್ಳ ಕಾರ್ಡೊಂದರ ಮೇಲೆ 1926ರ ಅಂಚೆಮುದ್ರೆ ಇದೆಯೆಂದು ಭಾವಿಸೋಣ. ಮುದ್ರೆಯನ್ನೇ ಚಿತ್ರದ ಕಾಲವೆಂದು ಸೂಚಿಯಲ್ಲಿ ನಮೂದಿಸಿದರೆ, ಆಗಲೇ ನಿಂತಿದ್ದ ಸ್ಮಾರಕವನ್ನು ಇರಲಿಲ್ಲವೆಂದು ದಾಖಲಿಸಿದಂತಾಗುತ್ತದೆ. ಆ ಸೂಚಿಯನ್ನು ನಂಬಿದ ಸಂಶೋಧಕನೂ ದಾರಿತಪ್ಪುತ್ತಾನೆ.

ಸಾಕ್ಷ್ಯದ ಮಿತಿಗಳು

ಹಳೆಯ ವರ್ಣ ಕಾರ್ಡುಗಳಲ್ಲಿ ಹೆಚ್ಚಿನವು ಕಪ್ಪು-ಬಿಳುಪು ಛಾಯಾಚಿತ್ರಕ್ಕೆ ಮುದ್ರಣಾಲಯದಲ್ಲಿ ಬಣ್ಣ ಕೂಡಿಸಿದವು. ದೂರದ ದೇಶದ ಕುಶಲಕರ್ಮಿ ಹಚ್ಚಿದ ಆ ಬಣ್ಣದಿಂದ ಹಾಯಿಯ ಅಥವಾ ಸೀರೆಯ ನಿಜವರ್ಣವನ್ನು ನಿರ್ಧರಿಸಲಾಗದು. ಚಿತ್ರಗಳ ಆಯ್ಕೆಯೂ ನಿಷ್ಪಕ್ಷಪಾತವಲ್ಲ. ಕೊಳ್ಳುವವರಲ್ಲಿ ಹಡಗಿನಿಂದಿಳಿದ ಯೂರೋಪಿಯನ್ನರು ಬಹುಮಂದಿ ಇದ್ದುದರಿಂದ ಹೋಟೆಲು, ಕ್ಲಬ್ಬು, ಧಕ್ಕೆಗಳ ವೈಭವಕ್ಕೆ ಪ್ರಾಶಸ್ತ್ಯ ದೊರೆಯಿತು. ಹತ್ತಿಯ ಮೂಟೆ ಹೊತ್ತ ಹಮಾಲನು ಕಾಣಿಸಿಕೊಂಡರೂ ಹೆಸರಿಲ್ಲದ ‘ದೇಶೀಯ ಮಾದರಿ’ಯಾಗಿಯೇ ಕಾಣಿಸಿಕೊಳ್ಳುತ್ತಾನೆ. ಅವನು ವಾಸವಿದ್ದ ಚಾಳು ಈ ಕಾರ್ಡುಗಳಲ್ಲಿ ಅಪರೂಪ.

ಸಂಗ್ರಹ ಮತ್ತು ಸಂರಕ್ಷಣೆ

ಈ ಕಾರ್ಡುಗಳು ಎಷ್ಟೋ ಸಂದರ್ಭಗಳಲ್ಲಿ ಉಳಿದಿರುವ ಏಕೈಕ ಸಾಕ್ಷ್ಯ. 1940ರ ಡಿಸೆಂಬರ್ 29ರ ವೈಮಾನಿಕ ದಾಳಿಯಲ್ಲಿ ರಫೇಲ್ ಟಕ್ ಸಂಸ್ಥೆಯ ಲಂಡನ್ ಕಟ್ಟಡ ಸುಟ್ಟು, ಅಲ್ಲಿದ್ದ ಮೂಲಚಿತ್ರಗಳೂ ದಾಖಲೆಗಳೂ ನಾಶವಾದವು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟೈಕಿನ್ ಹಡಗು ಸ್ಫೋಟಿಸಿ, ಸುತ್ತಲಿನ ಬಂದರು ಪ್ರದೇಶ ಧ್ವಂಸವಾಯಿತು. ಚಿತ್ರಿಸಿದ ಸ್ಥಳವೂ ಚಿತ್ರದ ಮೂಲವೂ ಇಲ್ಲವಾದಾಗ ಮನೆಯ ಪೆಟ್ಟಿಗೆಯಲ್ಲುಳಿದ ಕಾರ್ಡೇ ಆಧಾರ.

ಆದುದರಿಂದ ಸಂಗ್ರಾಹಕರು ಅಂಚೆಚೀಟಿಯನ್ನು ಕಾರ್ಡಿನಿಂದ ಬಿಡಿಸಕೂಡದು. ಗೋಂದು ಹಚ್ಚಿ ಆಲ್ಬಮ್ಮಿಗೆ ಅಂಟಿಸಕೂಡದು. ಹಾಗೆ ಮಾಡಿದರೆ ಮುದ್ರಣ ಮತ್ತು ರವಾನೆಯ ಎರಡು ಕಾಲಗಳ ಸಾಕ್ಷ್ಯ ಒಮ್ಮೆಗೇ ನಷ್ಟವಾಗುತ್ತದೆ. ಲ್ಯಾಮಿನೇಷನ್ ಮಾಡಿಸುವುದು, ಪಿವಿಸಿ ಹಾಳೆಗಳಲ್ಲಿಡುವುದು ಹಾನಿಕರ. ಆಮ್ಲರಹಿತ ಕಾಗದ ಅಥವಾ ಪಾಲಿಯೆಸ್ಟರ್ ಲಕೋಟೆ ಯುಕ್ತ. ಗ್ರಂಥಾಲಯಗಳು ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ, ಮೂರು ಕಾಲಗಳನ್ನು ಪ್ರತ್ಯೇಕ ಅಂಕಣಗಳಲ್ಲಿ ನಮೂದಿಸಬೇಕು. ಶೀರ್ಷಿಕೆಯಲ್ಲಿರುವ ‘ಬಾಂಬೆ’ ಎಂಬ ಹೆಸರನ್ನು ಇದ್ದಂತೆಯೇ ಉಳಿಸಿ, 1995ರಲ್ಲಿ ಅಧಿಕೃತವಾದ ‘ಮುಂಬಯಿ’ಯನ್ನು ಪಕ್ಕದಲ್ಲಿ ಕೊಡುವುದು ಲೇಸು.

ಧಾರವಾಡ, ಕಾರವಾರ, ಬೆಳಗಾವಿಗಳ ಮನೆಗಳಿಗೆ ಮುಂಬಯಿಯಿಂದ ಬಂದ ಕಾರ್ಡುಗಳನ್ನು ಅರಸಿ, ಅವುಗಳ ಹಿಂಬದಿಯ ಕನ್ನಡ ಬರಹವನ್ನೂ ಸಂಗ್ರಹಿಸುವ ಕೆಲಸ ಸಂಶೋಧಕರ ಮುಂದಿದೆ. ಚಿತ್ರದಲ್ಲಿ ಹೆಸರಿಲ್ಲದೆ ಹೋದವರು ಅಲ್ಲಿ ತಮ್ಮ ಹೆಸರಿನಿಂದಲೇ ದೊರೆಯುವ ಸಾಧ್ಯತೆಯಿದೆ.