ಸಾಂಗ್ಲಿ-ಮಿರಜದಲ್ಲಿ ಗುಂಠೆ ಜಾಗ: ಬಾಗಿಲ ಮುಂದಿನ ನೀರು ಎಲ್ಲಿಂದ ಬರುತ್ತದೆ?

ಮಳೆಗಾಲದಲ್ಲಿ ಎರಡು ದೊಡ್ಡ ಮಳೆ ಬಿದ್ದರೆ ಸಾಕು, ಸಾಂಗ್ಲಿಯ ಶಾಮರಾವನಗರದ ಎಷ್ಟೋ ಓಣಿಗಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗುತ್ತದೆ. ಮಳೆ ನಿಂತು ಎಂಟು ದಿನ ಕಳೆದರೂ ನೀರು ಹೋಗುವುದಿಲ್ಲ. ಹಸಿರು ಪಾಚಿ ಕಟ್ಟುತ್ತದೆ, ಸೊಳ್ಳೆ ಹೆಚ್ಚುತ್ತವೆ, ಶಾಲೆಗೆ ಹೋಗುವ ಮಕ್ಕಳನ್ನು ಹೆಗಲ ಮೇಲೆ ಹೊತ್ತು ದಾಟಿಸಬೇಕು. ಮಿರಜ ಮತ್ತು ಕುಪವಾಡದ ಅಂಚಿನ ಹೊಸ ವಸತಿಗಳಲ್ಲೂ ಬಹಳಷ್ಟು ಕಡೆ ಇದೇ ಪಾಡು.

ಈ ವಸತಿಗಳಲ್ಲಿ ನಮ್ಮ ಕಡೆಯ ಜನ ಕಡಿಮೆ ಇಲ್ಲ. ಜತ್ತ, ಕಾಗವಾಡ, ಅಥಣಿ, ರಾಯಬಾಗ ಭಾಗದವರಿಗೆ ಸಾಂಗ್ಲಿ-ಮಿರಜ ಪರವೂರಲ್ಲ. ಅರಿಷಿಣ, ಒಣದ್ರಾಕ್ಷಿ ಮಾರಲು ಸಾಂಗ್ಲಿ, ದವಾಖಾನೆಗೆ ಮಿರಜ, ಕೆಲಸಕ್ಕೆ ಕುಪವಾಡದ ಕಾರಖಾನೆ. ಮಕ್ಕಳ ಕಾಲೇಜಿನ ನೆಪದಲ್ಲಿ ಒಂದು ಗುಂಠೆ ಜಾಗ ಹಿಡಿದು ಎರಡು ಖೋಲಿ ಕಟ್ಟಿಕೊಂಡವರು ಊರಿಗೆ ಹತ್ತು ಮಂದಿಯಾದರೂ ಸಿಗುತ್ತಾರೆ. ಇನ್ನೂ ಹತ್ತು ಮಂದಿ ಹುಡುಕುತ್ತಿದ್ದಾರೆ. ಅವರೆಲ್ಲರಿಗಾಗಿ ಈ ಬರಹ.

ನನ್ನ ಷಡ್ಡಕರೊಬ್ಬರು ಜತ್ತ ತಾಲೂಕಿನವರು. ಹನ್ನೆರಡು ವರ್ಷದ ಹಿಂದೆ ಮಿರಜದ ಹೊರವಲಯದಲ್ಲಿ ಒಂದು ಗುಂಠೆ ಖರೀದಿಸಿದರು. ಎಪ್ರಿಲ್ ತಿಂಗಳ ರಣಬಿಸಿಲಿನಲ್ಲಿ ಜಾಗ ನೋಡಿದ್ದರು. ದಲ್ಲಾಳಿ ಹೇಳಿದ್ದು ಇಷ್ಟು: "ಅಣ್ಣಾವ್ರ, ಚಿಂತಿ ಮಾಡಬ್ಯಾಡ್ರಿ. ಉತಾರದಾಗ ನಿಮ್ಮ ಹೆಸರು ಬರತೈತಿ. ಬರೂ ವರ್ಷ ಗಟಾರ, ರಸ್ತಾ ಎಲ್ಲಾ ಆಗತೈತಿ." ಹೆಸರು ಬಂತು. ಗಟಾರ ಇಂದಿಗೂ ಬಂದಿಲ್ಲ. ಬಾಗಿಲ ಮುಂದೆ ನೀರು ನಿಂತಾಗಲೆಲ್ಲ ಅವರು ಬೈಯುವುದು ಮಹಾನಗರಪಾಲಿಕೆಯನ್ನು. ಪಾಲಿಕೆಯ ತಪ್ಪು ಇಲ್ಲವೆಂದಲ್ಲ. ಆದರೆ ಆ ನೀರಿನ ಮೂಲ ಬೇರೆ ಕಡೆ ಇದೆ. ಹೊಲವನ್ನು ಗುಂಠೆ ಗುಂಠೆಯಾಗಿ ಕತ್ತರಿಸಿದ ದಿನವೇ ಅದು ಶುರುವಾಗಿತ್ತು.

ಗುಂಠೆವಾರಿ ಎಂದರೇನು?

ನಾವು ಗುಂಟೆ ಅನ್ನುವುದನ್ನೇ ಮರಾಠಿಯವರು ಗುಂಠಾ ಅನ್ನುತ್ತಾರೆ. 33 ಅಡಿಗೆ 33 ಅಡಿ, ಅಂದರೆ 1,089 ಚದರ ಅಡಿ. 40 ಗುಂಠೆಗೆ ಒಂದು ಎಕರೆ. ಹೊಲದ ಮಾಲೀಕ ಸರ್ಕಾರದ ಮಂಜೂರಾತಿ ಇಲ್ಲದೆ, ನಕ್ಷೆ ಪಾಸು ಮಾಡಿಸದೆ, ಸುಣ್ಣದ ಗೆರೆ ಎಳೆದು ತುಂಡು ತುಂಡಾಗಿ ಮಾರಿದರೆ ಅದೇ ಗುಂಠೆವಾರಿ. ಅಂಥ ಜಾಗದ ಮೇಲೆ ಕಟ್ಟಿದ ಮನೆಗಳೂ ಇದರಲ್ಲಿ ಸೇರುತ್ತವೆ.

ಸಾಂಗ್ಲಿ, ಮಿರಜ, ಕುಪವಾಡ ಮೂರೂ ಕೂಡಿ ಒಂದೇ ಮಹಾನಗರಪಾಲಿಕೆ ಆದದ್ದು 1998ರ ಫೆಬ್ರವರಿ 9ರಂದು. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 5 ಲಕ್ಷ ದಾಟಿತ್ತು. ಪಾಲಿಕೆ ಹುಟ್ಟುವ ಮೊದಲೇ ಅಂಚಿನ ಎಷ್ಟೋ ಹೊಲಗಳು ಪ್ಲಾಟುಗಳಾಗಿದ್ದವು, ಹುಟ್ಟಿದ ಮೇಲೂ ಆಗುತ್ತಲೇ ಬಂದವು.

ಮಂಜೂರಾದ ಲೇಔಟಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಲೆಕ್ಕದಲ್ಲಿ ತಿಳಿಯುತ್ತದೆ. ಸುಮಾರು ಒಂದು ಎಕರೆ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ನಿಯಮದಂತೆ ಲೇಔಟು ಮಾಡಿದರೆ ಶೇ. 10ರಷ್ಟು ಜಾಗ ಬಯಲಾಗಿ ಬಿಡಬೇಕು. ಒಳರಸ್ತೆಗಳು ಸಾಮಾನ್ಯವಾಗಿ 9 ಮೀಟರ್, ಅಂದರೆ ಸುಮಾರು 30 ಅಡಿ ಅಗಲ ಇರಬೇಕು. ಎಕರೆಯ 40 ಗುಂಠೆಯಲ್ಲಿ 4 ಗುಂಠೆ ಬಯಲಿಗೆ, ಅಂದಾಜು 10 ಗುಂಠೆ ರಸ್ತೆಗೆ ಹೋಯಿತೆಂದು ಹಿಡಿಯಿರಿ. ಮಾರಲು ಉಳಿಯುವುದು 26. ಗುಂಠೆವಾರಿ ಮಾಡುವವನು 10 ಅಡಿಯ ಬೋಳು ದಾರಿ ಬಿಟ್ಟು 35-36 ಗುಂಠೆ ಮಾರುತ್ತಾನೆ. ಹೆಚ್ಚಿಗೆ ಮಾರಿದ ಆ ಹತ್ತು ಗುಂಠೆ ಬೇರೇನಲ್ಲ, ನಿಮ್ಮ ರಸ್ತೆ, ನಿಮ್ಮ ಗಟಾರ, ನಿಮ್ಮ ಮಕ್ಕಳು ಆಡುವ ಬಯಲು. ಜಾಗ ಅಗ್ಗಕ್ಕೆ ಸಿಗುವುದರ ಗುಟ್ಟು ಇದೇ.

ತಕರಾರು ಹತ್ತು, ಬೇರು ಒಂದು

ಈಗ ಓಣಿಯ ಒಂದೊಂದೇ ತಕರಾರು ನೋಡೋಣ.

ಮೊದಲು ನೀರು. ಕೃಷ್ಣಾ ದಂಡೆಯ ಈ ಭಾಗದ್ದು ಕರೀ ಎರೆಮಣ್ಣು. ಕಬ್ಬಿಗೆ, ಅರಿಷಿಣಕ್ಕೆ ಬಂಗಾರ, ಮನೆಗೆ ಕಷ್ಟ. ನೀರು ಬಿದ್ದರೆ ಉಬ್ಬುತ್ತದೆ, ಬೇಗ ಇಂಗಿಸಿಕೊಳ್ಳುವುದಿಲ್ಲ. ಹೊಲವಾಗಿದ್ದಾಗ ಬದುವಿನ ಗುಂಟ ಹರಿದು ನೀರು ಹಳ್ಳ ಸೇರುತ್ತಿತ್ತು. ಪ್ಲಾಟು ಬಿದ್ದ ಮೇಲೆ ಬದು ಹೋಯಿತು, ಹಳ್ಳದ ಮೇಲೂ ಮನೆ ಎದ್ದಿತು. ಇಡೀ ವಸತಿಗೆ ಒಂದು ಇಳಿಜಾರಿನ ಲೆಕ್ಕ ಯಾರೂ ಹಾಕಲಿಲ್ಲ. ಮೊದಲು ಕಟ್ಟಿದವನು ನೆಲಮಟ್ಟ ಎರಡು ಅಡಿ ಏರಿಸಿದ, ಆಮೇಲೆ ಬಂದವನು ಅವನಿಗಿಂತ ಒಂದು ಅಡಿ ಹೆಚ್ಚು ಏರಿಸಿದ, ನಡುವಿನ ರಸ್ತೆ ಹೊಂಡವಾಯಿತು. ಓಣಿಯಲ್ಲಿ ಮಾತಿಗೆ ಮಾತು ಬೆಳೆಯುವುದು ಇಲ್ಲಿಯೇ: "ನೀ ಮುರುಮು ಹಾಕಿದ್ದಕ್ಕ ನಮ್ಮ ಮನಿಗೆ ನೀರ ಬಂತು."

ಎರಡನೆಯದು ಶೌಚಾಲಯದ ನೀರು. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಗೂ ಸೆಪ್ಟಿಕ್ ಟಾಕಿ, ಅದರ ಪಕ್ಕ ಇಂಗುಗುಂಡಿ. ಎರೆಮಣ್ಣು ಮಳೆಗಾಲದಲ್ಲಿ ತುಂಬಿಕೊಂಡಾಗ ಇಂಗುಗುಂಡಿ ಕೆಲಸ ಮಾಡುವುದಿಲ್ಲ. ಹೊಲಸು ನೀರು ಮೇಲೆದ್ದು ಮಳೆನೀರಿಗೆ ಕೂಡುತ್ತದೆ. ಬಾಗಿಲ ಮುಂದೆ ನಿಂತ ನೀರು ಬರೀ ಮಳೆನೀರಲ್ಲ ಅನ್ನುವುದನ್ನು ಮಕ್ಕಳಿರುವ ಮನೆಯವರು ಮರೆಯಬಾರದು.

ಮೂರನೆಯದು ರಸ್ತೆಯ ಅಗಲ. 10 ಅಡಿಯ ದಾರಿಯಲ್ಲಿ ಒಬ್ಬರು ಮೋಟಾರ್ ಸೈಕಲ್ ನಿಲ್ಲಿಸಿದರೆ ಕಸದ ಘಂಟಾಗಾಡಿ ಒಳಗೆ ಬರುವುದಿಲ್ಲ. ಗಾಡಿ ಬರದಿದ್ದರೆ ಕಸ ಮೂಲೆಯ ಖಾಲಿ ಪ್ಲಾಟಿಗೆ ಬೀಳುತ್ತದೆ. ಕಸ ಇದ್ದಲ್ಲಿ ಬೀದಿನಾಯಿ, ಹಂದಿ. ಖಾಲಿ ಪ್ಲಾಟಿನಲ್ಲಿ ಜಾಲಿ ಬೆಳೆದರೆ ಹಾವು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಅಂಬುಲನ್ಸ್ ತಿರುವಿನಲ್ಲೇ ನಿಲ್ಲುತ್ತದೆ. ದವಾಖಾನೆಗಳ ಊರಾದ ಮಿರಜದಲ್ಲೇ ರೋಗಿಯನ್ನು ಹೊರಸಿನ ಮೇಲೆ ಹೊತ್ತು ತರುವ ಪರಿಸ್ಥಿತಿ.

ಇವು ಹತ್ತು ಬೇರೆ ಬೇರೆ ತಕರಾರುಗಳಂತೆ ಕಾಣುತ್ತವೆ. ಪಾಲಿಕೆಗೆ ಹತ್ತು ಅರ್ಜಿ ಹೋಗುತ್ತವೆ. ಬೇರು ಮಾತ್ರ ಒಂದೇ, ನಕ್ಷೆ ಇಲ್ಲದ ವಸತಿ.

ಹೊಳೆಯ ನೀರಿನ ಲೆಕ್ಕ ಬೇರೆ

ಓಣಿಯ ನೀರಿನ ಜೊತೆ ಮಹಾಪೂರದ ನೀರನ್ನು ಕಲಸಬಾರದು. ಸಾಂಗ್ಲಿಯ ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆಯ ಮಟ್ಟ 40 ಅಡಿಗೆ ಬಂದರೆ ಎಚ್ಚರಿಕೆ, 45 ಅಡಿಗೆ ಬಂದರೆ ಅಪಾಯ. 2019ರ ಆಗಸ್ಟ್‌ನಲ್ಲಿ ಅದು 57 ಅಡಿ ದಾಟಿತ್ತು. 2005ರಲ್ಲಿ ಮತ್ತು 2021ರ ಜುಲೈಯಲ್ಲಿಯೂ ಹೊಳೆ ಊರೊಳಗೆ ಬಂದಿತ್ತು.

ಇದಕ್ಕಾಗಿ ನೀರಾವರಿ ಇಲಾಖೆ ಎರಡು ಪೂರರೇಷೆ ಗುರುತಿಸುತ್ತದೆ. 25 ವರ್ಷಕ್ಕೊಮ್ಮೆ ಬರಬಹುದಾದ ಪೂರದ ಗೆರೆ ನೀಲಿ, 100 ವರ್ಷಕ್ಕೊಮ್ಮೆ ಬರಬಹುದಾದ ಪೂರದ ಗೆರೆ ಕೆಂಪು. ನೀಲಿ ಗೆರೆಯ ಒಳಗೆ ಹೊಸ ಮನೆಗೆ ಪರವಾನಗಿ ಸಿಗುವುದಿಲ್ಲ. ನೀಲಿ ಮತ್ತು ಕೆಂಪಿನ ನಡುವೆ ನೆಲಮಟ್ಟ ಎತ್ತರಿಸಿ ಕಟ್ಟುವ ಷರತ್ತು ಇರುತ್ತದೆ. ದಲ್ಲಾಳಿ ಈ ಎರಡು ಬಣ್ಣದ ಸುದ್ದಿಯನ್ನೇ ಎತ್ತುವುದಿಲ್ಲ. ಕೇಳುವ ಕೆಲಸ ನಿಮ್ಮದು.

ಕಾಗದ ಏನು ಹೇಳುತ್ತದೆ?

ಮಹಾರಾಷ್ಟ್ರದಲ್ಲಿ 1947ರಿಂದ ತುಕಡೆಬಂದಿ ಕಾಯ್ದೆ ಇದೆ. ಹೊಲವನ್ನು ಇಂತಿಷ್ಟಕ್ಕಿಂತ ಸಣ್ಣ ತುಂಡು ಮಾಡಿ ಮಾರಬಾರದೆಂಬುದು ಅದರ ಸಾರ. 2023ರ ಆಗಸ್ಟ್‌ನಲ್ಲಿ ಬಹುತೇಕ ಜಿಲ್ಲೆಗಳಿಗೆ ಈ ಮಿತಿಯನ್ನು ಒಣಭೂಮಿಗೆ 20 ಗುಂಠೆ, ನೀರಾವರಿ ಭೂಮಿಗೆ 10 ಗುಂಠೆ ಎಂದು ಇಳಿಸಿದರು. ಹಾಗಾದರೆ ಒಂದೊಂದೇ ಗುಂಠೆ ಮಾರಿದ್ದು ಹೇಗೆ?

ಎರಡು ದಾರಿ ಇದ್ದವು. ಒಂದು, ಬಾಂಡ್ ಕಾಗದದ ಮೇಲೆ ಬರೆದು ನೋಟರಿಯ ಶಿಕ್ಕಾ ಹೊಡೆಸುವುದು. ಇದರಿಂದ ಜಾಗದ ಮಾಲಕಿ ಬರುವುದಿಲ್ಲ. ನೂರು ರೂಪಾಯಿ ಮತ್ತು ಅದಕ್ಕೂ ಮೇಲಿನ ಸ್ಥಿರಾಸ್ತಿಯ ಖರೀದಿ ಉಪನೋಂದಣಿ ಕಚೇರಿಯಲ್ಲಿ ದಸ್ತು ಆಗಲೇಬೇಕು. ಎರಡು, ಹತ್ತು-ಹನ್ನೊಂದು ಜನ ಸೇರಿ ಒಂದೇ ಖರೀದಿಪತ್ರ ಮಾಡಿಸುವುದು. ಆಗ ಎಲ್ಲರ ಹೆಸರೂ ಸಾತಬಾರಾ ಉತಾರದಲ್ಲಿ ಬರುತ್ತವೆ, ಆದರೆ ಕ್ಷೇತ್ರ "ಸಾಮಾಯಿಕ" ಆಗಿರುತ್ತದೆ. ಯಾರ ಮೂಲೆ ಯಾವುದೆಂದು ಉತಾರ ಹೇಳುವುದಿಲ್ಲ. ಬ್ಯಾಂಕು ಸಾಲಕ್ಕೆ ತಕರಾರು ತೆಗೆಯುತ್ತದೆ, ಒಬ್ಬರು ತೀರಿಕೊಂಡರೆ ಅವರ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ. ನನ್ನ ಷಡ್ಡಕರ "ಉತಾರದಲ್ಲಿ ಹೆಸರು" ಇದೇ ಜಾತಿಯದು.

ಕರ್ನಾಟಕದ ಕಡೆಯ ಓದುಗರಿಗೆ ಒಂದು ಮಾತು. ಅಲ್ಲಿ ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ 11-ಇ ನಕ್ಷೆ ಬೇಕು. ಆ ರೂಢಿಯ ಮೇಲೆ, "ದಸ್ತು ಆದರೆ ಅಳತೆ ಆಗಿಯೇ ಇರುತ್ತದೆ" ಎಂದು ಇಲ್ಲಿ ನಂಬಿ ಕೂಡಬೇಡಿ. ಮೋಜಣಿ ಆಗಿದೆಯೇ ಎಂದು ಬೇರೆಯಾಗಿ ಕೇಳಿ.

ಇನ್ನೊಂದು ತಪ್ಪು ನಂಬಿಕೆ, ಮನೆಪಟ್ಟಿ ಕಟ್ಟಿದರೆ ಮನೆ ಸಕ್ರಮ ಅನ್ನುವುದು. ಪಾಲಿಕೆ ಅನಧಿಕೃತ ಮನೆಗೂ ತೆರಿಗೆ ಹಾಕುತ್ತದೆ. ಆ ಪಾವತಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಪರವಾನಗಿಗೆ ಅಲ್ಲ.

ಆಗಲೇ ಮನೆ ಕಟ್ಟಿದವರು ಏನು ಮಾಡಬೇಕು?

ಇಂಥವರಿಗಾಗಿಯೇ ರಾಜ್ಯ ಸರ್ಕಾರ 2001ರಲ್ಲಿ ಗುಂಠೆವಾರಿ ಕಾಯ್ದೆ ತಂದಿತು. 2001ರ ಜನವರಿ 1ರವರೆಗಿನ ಗುಂಠೆವಾರಿಯನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡಲು ಅದು ದಾರಿ ಕೊಟ್ಟಿತು. 2021ರ ತಿದ್ದುಪಡಿಯಲ್ಲಿ ಆ ಗಡುವು 2020ರ ಡಿಸೆಂಬರ್ 31ಕ್ಕೆ ಬಂತು. ಸರ್ಕಾರಿ ಜಾಗದ ಮೇಲಿನ ಅತಿಕ್ರಮಣಕ್ಕೆ ಇದು ಅನ್ವಯಿಸುವುದಿಲ್ಲ. 2025ರ ಕೊನೆಗೆ ಸರ್ಕಾರ ತುಕಡೆಬಂದಿ ಕಾಯ್ದೆಯನ್ನೂ ಸಡಿಲಿಸಿ, ನಗರ ಮತ್ತು ವಸತಿ ವಲಯಗಳಲ್ಲಿನ ಹಳೆಯ ತುಂಡು ವ್ಯವಹಾರಗಳನ್ನು ಸಕ್ರಮಗೊಳಿಸುವ ಹೆಜ್ಜೆ ಇಟ್ಟಿತು. ಇದರಿಂದ ಹೆಸರಿನ ತೊಡಕು ಬಿಡಿಸಿಕೊಳ್ಳಬಹುದು. ಆದರೆ ಹೆಸರು ಸರಿಯಾದ ಮಾತ್ರಕ್ಕೆ ಗಟಾರ ತೋಡಿದಂತಾಗುವುದಿಲ್ಲ.

ಗಟಾರಕ್ಕಾಗಿ ಓಣಿಯವರು ಕೂಡಿ ನಡೆಯಬೇಕು. ಒಬ್ಬೊಬ್ಬರೇ ಅರ್ಜಿ ಕೊಟ್ಟರೆ ಒಂದೊಂದು ಪ್ಲಾಟಿನ ಕಡತವಾಗುತ್ತದೆ. ನೀರು ಹರಿಯುವುದು ಪ್ಲಾಟಿನ ಲೆಕ್ಕದಲ್ಲಲ್ಲ. ಆದ್ದರಿಂದ ಮೊದಲು ಇಡೀ ತುಂಡಿನ ಮೋಜಣಿ ಮಾಡಿಸಿ. ರಸ್ತೆಗೆ ಯಾರು ಎಷ್ಟು ಅಡಿ ಬಿಡಬೇಕೆಂದು ಬರವಣಿಗೆಯಲ್ಲಿ ಒಪ್ಪಿಕೊಳ್ಳಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ನಕ್ಷೆಯಲ್ಲಿ ತೋರಿಸಿ, ಎಲ್ಲರ ಸಹಿಯ ಒಂದೇ ಅರ್ಜಿ ಮರಾಠಿಯಲ್ಲಿ ಬರೆದು ಪಾಲಿಕೆಗೆ ಕೊಡಿ, ಪೋಚ್ ಪಾವತಿ ತೆಗೆದುಕೊಳ್ಳಿ. ಉತ್ತರ ಬರದಿದ್ದರೆ ಅದೇ ಅರ್ಜಿಯ ದಿನಾಂಕ ಹಾಕಿ 2005ರ ಮಾಹಿತಿ ಹಕ್ಕಿನಡಿ ಕೇಳಿ. 2023ರ ಆಗಸ್ಟ್‌ನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಪ್ರಶಾಸಕರ ಆಡಳಿತ ಇತ್ತು. ವಾರ್ಡಿಗೊಬ್ಬ ನಗರಸೇವಕ ಇಲ್ಲದ ಆ ಕಾಲದಲ್ಲಿ ಜನರ ಕೈಯಲ್ಲಿ ಉಳಿದದ್ದು ಈ ಪೋಚ್ ಪಾವತಿ ಒಂದೇ.

ಹೊಸದಾಗಿ ಕೊಳ್ಳುವವರಿಗೆ

ಇಸಾರ ಕೊಡುವ ಮೊದಲು ಈ ಐದು ಕೇಳಿ:

1. ಡಿಜಿಟಲ್ ಸಹಿಯ ಸಾತಬಾರಾ. ಮಹಾಭೂಮಿ ತಾಣದಲ್ಲಿ ನೀವೇ ತೆಗೆಯಬಹುದು. "ಸಾಮಾಯಿಕ" ಎಂಬ ಪದ ಇದೆಯೇ ನೋಡಿ. "ಇತರ ಅಧಿಕಾರ" ಕಾಲಮ್ಮಿನಲ್ಲಿ ಬ್ಯಾಂಕಿನ ಬೋಜಾ ಇದೆಯೇ ನೋಡಿ.

2. ಬಿನಶೇತಿ ಆದೇಶ ಮತ್ತು ಮಂಜೂರಾದ ಲೇಔಟ್ ನಕ್ಷೆ. "ಎನ್.ಎ. ಆಗಲಿಕ್ಕೆ ಹತ್ತೇತಿ" ಅನ್ನುವ ಮಾತಿಗೆ ಬೆಲೆ ಇಲ್ಲ.

3. ನಗರರಚನಾ ವಿಭಾಗದ ವಲಯ ದಾಖಲೆ. ನಿಮ್ಮ ಪ್ಲಾಟು ಆಟದ ಮೈದಾನಕ್ಕೋ ಡಿ.ಪಿ. ರಸ್ತೆಗೋ ಮೀಸಲಿರಬಹುದು.

4. ನೀಲಿ-ಕೆಂಪು ಪೂರರೇಷೆ.

5. ಮೋಜಣಿಯ ನಕಾಶೆ ಮತ್ತು ಸ್ಥಳದಲ್ಲಿ ಗುರುತಿನ ಕಲ್ಲು.

ಆರನೆಯದು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಜಾಗ ನೋಡಲು ಬೇಸಿಗೆಯಲ್ಲಿ ಹೋಗಬೇಡಿ, ಜುಲೈ ತಿಂಗಳಲ್ಲಿ ಮಳೆಯ ಮರುದಿನ ಹೋಗಿ. ದಲ್ಲಾಳಿಯನ್ನು ಬಿಟ್ಟು, ಅಲ್ಲೇ ಬಾಗಿಲಲ್ಲಿ ನಿಂತ ಹೆಣ್ಣುಮಕ್ಕಳನ್ನು ಕೇಳಿ: "ಅಕ್ಕಾರ, ಇಲ್ಲಿ ನೀರ ಎಷ್ಟ ದಿನ ನಿಂದರತೈತ್ರಿ?" ಕಾಗದ ಸುಳ್ಳು ಹೇಳಿದರೂ ಆ ಅಕ್ಕ ಹೇಳುವುದಿಲ್ಲ.

ನನ್ನ ಷಡ್ಡಕರ ಓಣಿಯ ಹದಿನಾಲ್ಕು ಮನೆಯವರು ಹೋದ ವರ್ಷ ವರ್ಗಣಿ ಕೂಡಿಸಿ ಮೋಜಣಿಗೆ ಹಣ ಕಟ್ಟಿದರು. ಅಳತೆ ಮಾಡಿದಾಗ ಎರಡು ಮನೆಯ ಕಂಪೌಂಡು ದಾರಿಯಲ್ಲಿ ಬಂದಿರುವುದು ಕಂಡಿತು. ಅದರಲ್ಲಿ ಒಂದು ಅವರದೇ. ಹತ್ತು ದಿನ ಯಾರೊಡನೆಯೂ ಮಾತಾಡಲಿಲ್ಲ, ಆಮೇಲೆ ತಾವೇ ನಿಂತು ಎರಡೂವರೆ ಅಡಿ ಗೋಡೆ ಒಡೆಸಿದರು. ಗಟಾರ ಇನ್ನೂ ಆಗಿಲ್ಲ. ಆದರೆ ಘಂಟಾಗಾಡಿ ಈಗ ಕೊನೆಯ ಮನೆಯವರೆಗೂ ಬರುತ್ತದೆ.