ಹಾರ್ಡ್ ಡಿಸ್ಕ್ ತಯಾರಕರು ಮೂವರೇ ಉಳಿದದ್ದು ಏಕೆ?

ಹಾರ್ಡ್ ಡಿಸ್ಕ್ ಯಾವ ಕಂಪನಿಯದಾದರೂ ಕಂಪ್ಯೂಟರಿಗೆ ಹೊಂದುತ್ತದೆ. ಹಾಗಾಗಿ ಕೊಳ್ಳುವವರು ನೋಡುವುದು ಮುಖ್ಯವಾಗಿ ಬೆಲೆಯನ್ನೇ. 1980ರ ದಶಕದಲ್ಲಿ ಹತ್ತಾರು ತಯಾರಕರಿದ್ದರು. ಡಿಸ್ಕಿನಲ್ಲಿ ಹಿಡಿಸುವ ಮಾಹಿತಿಯ ಪ್ರಮಾಣ ವರ್ಷವರ್ಷವೂ ಏರುತ್ತಿದ್ದುದರಿಂದ, ಗೋದಾಮಿನಲ್ಲಿ ಕೆಲವು ತಿಂಗಳು ಉಳಿದ ಸರಕು ಸಂಜೆಯ ಹೂವಿನಂತೆ ಬೆಲೆ ಕಳೆದುಕೊಳ್ಳುತ್ತಿತ್ತು. ನಷ್ಟಕ್ಕಾದರೂ ಮಾರಲೇಬೇಕು, ಹೊಸ ಪೀಳಿಗೆಯ ಡಿಸ್ಕಿಗೆ ಭಾರಿ ಬಂಡವಾಳವನ್ನೂ ಹೂಡಬೇಕು. ಈ ಇಕ್ಕಟ್ಟಿನಲ್ಲಿ ದೊಡ್ಡವರೂ ಕೈಚೆಲ್ಲಿದರು. 1956ರಲ್ಲಿ ಮೊದಲ ಡಿಸ್ಕ್ ಡ್ರೈವ್ ತಂದ ಐಬಿಎಂ ಸಹ ಈ ವ್ಯಾಪಾರವನ್ನು ಹಿಟಾಚಿಗೆ ಮಾರಿತು. ಕ್ವಾಂಟಮ್‌ನ ಹಾರ್ಡ್ ಡಿಸ್ಕ್ ವಿಭಾಗವನ್ನು ಮ್ಯಾಕ್ಸ್‌ಟರ್ ನುಂಗಿತು; ಮ್ಯಾಕ್ಸ್‌ಟರನ್ನು 2006ರಲ್ಲಿ ಸೀಗೇಟ್! 2012ರಲ್ಲಿ ಹಿಟಾಚಿಯ ವಿಭಾಗ ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಈಗ ಕಣದಲ್ಲಿರುವವರು ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ ಮಾತ್ರ.